ಯಾರು ಎಲ್ಲಿ ಕೂರಬೇಕು? ಊರಿನ ಗ್ರಂಥಾಲಯದ ಒಳಾಂಗಣದಿಂದ ಒಂದು ಅನುಪಾತದ ಪಾಠ

ಹಿನ್ನೆಲೆ

ಪಿಯುಸಿ ಮುಗಿದ ವರ್ಷ ನಾನು ಮೈಸೂರಿನಲ್ಲಿ ಒಳಾಂಗಣ ವಿನ್ಯಾಸದ ಒಂದು ವರ್ಷದ ಕೋರ್ಸ್ ಮಾಡಿದ್ದೆ. ಕೊನೆಯ ಪ್ರಾಜೆಕ್ಟ್‌ಗೆ ‘ಹಳ್ಳಿಯ ಸಮುದಾಯ ಭವನ’ ಎಂಬ ವಿಷಯ ಬಂದಿತ್ತು. ಪಿಒಪಿ ಚಾವಣಿ, ಗೋಡೆಗೆ ಬಣ್ಣದ ದೀಪ, ಮೂಲೆಗೊಂದು ಸೋಫಾ ಎಲ್ಲವನ್ನೂ ಬರೆದು ಬಣ್ಣ ತುಂಬಿದೆ. ಒಳ್ಳೆಯ ಅಂಕವೂ ಬಂತು. ಆ ಹಾಳೆಯನ್ನು ಊರಿಗೆ ತಂದು ಅಜ್ಜಿಗೆ ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, “ಚೆಂದಾಗದೆ ಕಣವ್ವ. ಪಂಕ್ತಿ ಕೂರ್ಸೋದೆಲ್ಲಿ? ಉಂಡೋರು ಕೈ ತೊಳಿಯಕ್ಕೆ ಎತ್ತಗೋಗ್ಬೇಕು?” ಎಂದರು. ಉತ್ತರ ನನ್ನಲ್ಲಿರಲಿಲ್ಲ. ಭವನವನ್ನು ಬಳಸುವ ಒಬ್ಬರನ್ನೂ ನಾನು ಕೇಳಿರಲಿಲ್ಲ.

ಆಮೇಲೆ ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ ಬಿ.ಎಡ್. ಸೇರಿದೆ. ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯ ಎಂಟನೆಯ ತರಗತಿ, ‘ನೇರ ಅನುಪಾತ’ದ ಘಟಕ. ನಕ್ಷೆಯ ಪ್ರಮಾಣ ಈ ಘಟಕದೊಳಗೇ ಬರುವುದರಿಂದ ಹಳೆಯ ವಿದ್ಯೆಯನ್ನು ಇಲ್ಲಿ ಬಳಸಬಹುದೆಂದುಕೊಂಡೆ. ಬಳಸಿದೆ, ಆದರೆ ಹಳೆಯ ತಪ್ಪನ್ನೂ ಜೊತೆಗೇ ತಂದೆ. ಅದನ್ನು ತಿದ್ದಿಕೊಂಡ ಬಗೆಯನ್ನು ಸಹಪ್ರಶಿಕ್ಷಣಾರ್ಥಿಗಳೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಪಾಠದ ಉದ್ದೇಶಗಳು

ಪಾಠ ಮುಗಿದಾಗ ವಿದ್ಯಾರ್ಥಿಗಳು,
1. ನಿಜವಾದ ಅಳತೆಯನ್ನು ಕೊಟ್ಟ ಪ್ರಮಾಣಕ್ಕೆ ಇಳಿಸಿ ನಕ್ಷೆ ಬರೆಯುವರು.
2. ಉದ್ದದ ಪ್ರಮಾಣಕ್ಕೂ ವಿಸ್ತೀರ್ಣದ ಪ್ರಮಾಣಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುವರು.
3. ಊರಿನವರು ಬಳಸುವ ಒಂದು ಕೋಣೆಯನ್ನು ಗಮನಿಸಿ, ಬಳಸುವವರನ್ನು ಕೇಳಿ, ಬದಲಾವಣೆಯೊಂದನ್ನು ಕಾರಣಸಹಿತ ಸೂಚಿಸುವರು.

ಮೂರನೆಯ ಉದ್ದೇಶ ನನ್ನ ಮೊದಲ ಪಾಠಯೋಜನೆಯಲ್ಲಿ ಇರಲಿಲ್ಲ.

ಮೊದಲ ಅವಧಿ: ಅಳತೆ ಸರಿ, ಪಾಠ ತಪ್ಪು

ಮೊದಲ ದಿನ ಕರಿಹಲಗೆಯ ಮೇಲೆ ಒಂದು ಆಯತ ಬರೆದು, ‘ಇದು ಒಂದು ಗ್ರಂಥಾಲಯ. ಉದ್ದ 6 ಮೀಟರ್, ಅಗಲ 4 ಮೀಟರ್. ಮೇಜು, ಕುರ್ಚಿ, ಬೀರು ಜೋಡಿಸಿರಿ’ ಎಂದೆ. ಪ್ರಮಾಣ ಹೇಳಿಕೊಟ್ಟೆ. ಮಕ್ಕಳು ಲೆಕ್ಕ ಸರಿಯಾಗಿಯೇ ಮಾಡಿದರು. ಎಲ್ಲರ ಹಾಳೆಯಲ್ಲೂ ಗೋಡೆಗೆ ಬೀರು, ನಡುವೆ ಮೇಜು, ಸುತ್ತ ಕುರ್ಚಿ. ಹಾಳೆಗಳು ಒಂದನ್ನೊಂದು ನೋಡಿ ಬರೆದಂತಿದ್ದವು. ನನಗೆ ಸಂತೋಷವಾಯಿತು.

ಮೇಲ್ವಿಚಾರಕ ಉಪನ್ಯಾಸಕರು ನನ್ನ ಪಾಠಯೋಜನೆಯ ಅಂಚಿನಲ್ಲಿ ಒಂದೇ ಸಾಲು ಬರೆದಿದ್ದರು: “ಅಳತೆ ಸರಿ ಇದೆ. ಈ ಕೋಣೆ ಯಾರದು?”

ಅಜ್ಜಿ ಕೇಳಿದ್ದು ನೆನಪಾಯಿತು. ಮರುದಿನ ತರಗತಿಯಲ್ಲಿ, “ನಿಮ್ಮೂರಲ್ಲಿ ಗ್ರಂಥಾಲಯ ಇದೆಯಲ್ಲ, ಅದು ಹೇಗಿದೆ?” ಎಂದು ಕೇಳಿದೆ. ಹುಡುಗರು ಏನೇನೋ ಹೇಳಿದರು. ಹುಡುಗಿಯರು ಸುಮ್ಮನಿದ್ದರು. ಮತ್ತೆ ಕೇಳಿದಾಗ ಒಬ್ಬಳು ಎದ್ದು ನಿಂತು, “ನಾವಲ್ಲಿಗೆ ಹೋಗಲ್ಲ ಮಿಸ್. ಬಾಗ್ಲಲ್ಲೇ ತಾತಂದಿರು, ದೊಡ್ಡೋರೆಲ್ಲ ಪೇಪರ್ ಓದ್ತಾ ಕೂತಿರ್ತಾರೆ. ಅವ್ರ ಕಾಲು ದಾಟ್ಕೊಂಡು ಹೋಗ್ಬೇಕು” ಎಂದಳು.

ಹಿರಿಯರ ಕಾಲು ದಾಟಬಾರದೆಂಬುದು ನಮ್ಮ ಮನೆಗಳಲ್ಲಿ ಹೇಳಿಕೊಟ್ಟ ಮಾತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿಸುವ ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಆರಂಭವಾಯಿತು. ಸದಸ್ಯತ್ವದ ಕಾರ್ಡು ಈ ಹುಡುಗಿಯರಲ್ಲಿ ಕೆಲವರ ಬಳಿಯೂ ಇತ್ತು. ಅವರನ್ನು ತಡೆದಿದ್ದು ಒಂದು ಮೇಜನ್ನು ಇಟ್ಟಿದ್ದ ಜಾಗ. ಆ ಕೋಣೆಯನ್ನೇ ಪಾಠ ಮಾಡುವುದೆಂದು ಅಂದು ನಿರ್ಧರಿಸಿದೆ. ಮುಖ್ಯ ಶಿಕ್ಷಕರು ಮತ್ತು ಗ್ರಂಥಾಲಯದ ಮೇಲ್ವಿಚಾರಕರು ಒಪ್ಪಿಗೆ ಕೊಟ್ಟರು.

ಎರಡನೆಯ ಅವಧಿ: ಗೊತ್ತಿರುವ ಜಾಗದಿಂದ ಆರಂಭ

ನೇರವಾಗಿ ಗ್ರಂಥಾಲಯಕ್ಕೆ ಹೋಗದೆ, ಮಕ್ಕಳೆಲ್ಲ ನೋಡಿರುವ ದರಿಯಾ ದೌಲತ್‌ನಿಂದ ಮಾತು ಆರಂಭಿಸಿದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಈ ಬೇಸಿಗೆ ಅರಮನೆಯ ಬಗ್ಗೆ ಕೇಳಿದರೆ ಮಕ್ಕಳು ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರವನ್ನೇ ಹೇಳುತ್ತಾರೆ. ನಾನು ಬೇರೆ ಪ್ರಶ್ನೆ ಕೇಳಿದೆ: “ಬಿಸಿಲಲ್ಲಿ ನಡೆದು ಹೋದಿರಿ. ಮೊದಲು ತಂಪು ಅನ್ನಿಸಿದ್ದು ಎಲ್ಲಿ?” “ಕಂಬ ಇರೋ ಕಡೆ” ಎಂದರು. ಎತ್ತರಿಸಿದ ಜಗತಿ, ಸುತ್ತ ತೇಗದ ಕಂಬಗಳ ಪಡಸಾಲೆ, ಅದರೊಳಗೆ ಕೋಣೆಗಳು. ಬೆಳಕು ಒಳಗೆ ಬರುತ್ತದೆ, ಬಿಸಿಲು ಪಡಸಾಲೆಯಲ್ಲೇ ನಿಲ್ಲುತ್ತದೆ. ಹೊರಗೂ ಅಲ್ಲದ, ಒಳಗೂ ಅಲ್ಲದ ಈ ನಡುವಿನ ಜಾಗಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ ಎಂದಾಗ ಇಡೀ ತರಗತಿ “ಜಗಲಿ!” ಎಂದಿತು.

ಜಗಲಿಯಲ್ಲಿ ಯಾರು ಕೂರುತ್ತಾರೆ, ಯಾವ ಹೊತ್ತಿನಲ್ಲಿ, ಯಾರು ಬಂದರೆ ಯಾರು ಏಳುತ್ತಾರೆ ಎಂದು ಕೇಳುತ್ತಾ ಹೋದೆ. ಬೆಳಿಗ್ಗೆ ತಾತ, ಮಧ್ಯಾಹ್ನ ಅವರೆಕಾಯಿ ಬಿಡಿಸುವ ಹೆಂಗಸರು, ಸಂಜೆ ಮಕ್ಕಳು. ಒಂದೇ ಜಾಗ, ಹೊತ್ತಿಗೊಂದು ಬಳಕೆ. ‘ಒಳಾಂಗಣ ವಿನ್ಯಾಸ’ ಎಂಬ ಪದವನ್ನು ಅಲ್ಲಿಯವರೆಗೆ ನಾನು ಹೇಳಿರಲಿಲ್ಲ. ಈಗ ಹೇಳಿದೆ: ಯಾರು, ಯಾವಾಗ, ಎಲ್ಲಿ ಕೂರುತ್ತಾರೆಂದು ತಿಳಿದು ಜಾಗವನ್ನು ಹೊಂದಿಸುವುದೇ ಒಳಾಂಗಣ ವಿನ್ಯಾಸ.

ಮನೆಗೆಲಸವಾಗಿ ಗಮನಿಸುವ ಪಟ್ಟಿ ಕೊಟ್ಟೆ. ನಾಲ್ಕು ಸಾಲು: ಹಿರಿಯರು, ಹೆಂಗಸರು, ಹುಡುಗರು, ಹುಡುಗಿಯರು. ಮೂರು ಸಂಜೆ, ಒಳಗೆ ಬಂದವರಿಗೆಲ್ಲ ಒಂದೊಂದು ಗೀಟು. ಮೂರು ದಿನವೂ ಹುಡುಗಿಯರ ಸಾಲಿನಲ್ಲಿ ಒಂದು ಗೀಟೂ ಬೀಳಲಿಲ್ಲ. ಎಣಿಸಲು ಹೋದ ಹುಡುಗಿಯರೂ ರಸ್ತೆಯಾಚೆ ನಿಂತೇ ಎಣಿಸಿದ್ದರು.

ಮೂರನೆಯ ಅವಧಿ: ಅಳತೆ ಮತ್ತು ನಕ್ಷೆ

ಮೇಲ್ವಿಚಾರಕರು ಗ್ರಂಥಾಲಯವನ್ನು ಬೆಳಿಗ್ಗೆಯೇ ತೆರೆದುಕೊಟ್ಟರು. ಐದು ಗುಂಪುಗಳಿಗೆ ಅಳತೆ ಟೇಪು ಹಂಚಿದೆ. ಕೋಣೆ 7.2 ಮೀಟರ್ ಉದ್ದ, 4.5 ಮೀಟರ್ ಅಗಲ ಇತ್ತು. ರಸ್ತೆ ಕಡೆಯ ಉದ್ದ ಗೋಡೆಯ ಎಡತುದಿಯಲ್ಲಿ ಬಾಗಿಲು. ಬಾಗಿಲಿಗೆ ಅಂಟಿಕೊಂಡಂತೆ ಪತ್ರಿಕೆಯ ಮೇಜು ಮತ್ತು ಬೆಂಚು. ಅದೇ ಗೋಡೆಯ ಬಲತುದಿಯಲ್ಲಿ ದೊಡ್ಡ ಕಿಟಕಿ, ಅದರ ಕೆಳಗೆ ಹಳೆಯ ಪತ್ರಿಕೆಗಳ ಕಟ್ಟು ಮತ್ತು ಕಾಲು ಮುರಿದ ಕುರ್ಚಿಗಳು. ಬೆಳಕು ಚೆನ್ನಾಗಿದ್ದ ಆ ಮೂಲೆಯಲ್ಲಿ ಯಾರೂ ಕೂರುವಂತಿರಲಿಲ್ಲ.

1:30 ಪ್ರಮಾಣ ತೆಗೆದುಕೊಂಡೆವು. 720 ಸೆಂ.ಮೀ. ಉದ್ದ ಹಾಳೆಯಲ್ಲಿ 24 ಸೆಂ.ಮೀ., 450 ಸೆಂ.ಮೀ. ಅಗಲ 15 ಸೆಂ.ಮೀ. ಪತ್ರಿಕೆಯ ಮೇಜು 180 × 90 ಸೆಂ.ಮೀ. ಇತ್ತು. ಅದನ್ನು 6 × 3 ಸೆಂ.ಮೀ. ರಟ್ಟಿನ ತುಂಡಾಗಿ ಕತ್ತರಿಸಿದೆವು. ಕುರ್ಚಿಗೆ 1.5 ಸೆಂ.ಮೀ. ಚೌಕ. ರಟ್ಟಿನ ತುಂಡುಗಳನ್ನು ಹಾಳೆಯ ಮೇಲೆ ಸರಿಸಿ ನೋಡಬಹುದಾದ್ದರಿಂದ ಅಳಿಸಿ ಬರೆಯುವ ಕೆಲಸ ಉಳಿಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳು ವಾದ ಮಾಡಲು ಶುರುಮಾಡಿದರು.

ಇಲ್ಲೊಂದು ತಪ್ಪು ಎಲ್ಲ ಗುಂಪುಗಳಲ್ಲೂ ಬಂತು. ಪ್ರಮಾಣ 1:30 ಆದ್ದರಿಂದ ವಿಸ್ತೀರ್ಣವೂ 30 ಪಟ್ಟು ಎಂದುಕೊಂಡರು. ಹಾಳೆಯ ವಿಸ್ತೀರ್ಣ 24 × 15 = 360 ಚ.ಸೆಂ.ಮೀ. ಅದರ 30 ಪಟ್ಟು 10,800 ಚ.ಸೆಂ.ಮೀ., ಅಂದರೆ ಒಂದು ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು. “ನಾವು ಇಷ್ಟು ಜನ ಒಂದು ಚಾಪೆಯಷ್ಟು ಜಾಗದಲ್ಲಿ ನಿಂತಿದ್ದೇವಾ?” ಎಂದೆ. ನಗು ಬಂತು. ನಗುತ್ತಲೇ ಒಬ್ಬ, “ಉದ್ದನೂ 30, ಅಗಲನೂ 30. ಹಂಗಾದ್ರೆ 900 ಮಿಸ್” ಎಂದ. 360 × 900 = 3,24,000 ಚ.ಸೆಂ.ಮೀ., ಅಂದರೆ 32.4 ಚ.ಮೀ. ನಾನು ವಿವರಿಸಬೇಕೆಂದಿದ್ದ ಹತ್ತು ನಿಮಿಷದ ಮಾತನ್ನು ಆ ಕೋಣೆಯೇ ಆಡಿತ್ತು.

ಎತ್ತರವನ್ನೂ ಅಳೆಯಿರಿ ಎಂದೆ. ಮಕ್ಕಳ ಬಣ್ಣದ ಪುಸ್ತಕಗಳು ಬೀರಿನ ಮೇಲಿನ ಸಾಲಿನಲ್ಲಿ, ನೆಲದಿಂದ 180 ಸೆಂ.ಮೀ. ಎತ್ತರದಲ್ಲಿದ್ದವು. ಹರಿಯದಿರಲೆಂಬ ಕಾಳಜಿಯಿಂದ ಅಲ್ಲಿಟ್ಟಿದ್ದು. ಜೊತೆಗೆ ಬಂದಿದ್ದ ಮೂರನೆಯ ತರಗತಿಯ ಒಬ್ಬ ತಂಗಿಯನ್ನು ಗೋಡೆಗೆ ನಿಲ್ಲಿಸಿ ಕೈ ಎತ್ತಿಸಿದರೆ 140 ಸೆಂ.ಮೀ.ಗೆ ಮುಗಿಯಿತು. ನಲಿ-ಕಲಿ ಕೊಠಡಿಯಲ್ಲಿ ಮಕ್ಕಳ ಬರೆಯುವ ಹಲಗೆಯನ್ನು ಗೋಡೆಯ ಕೆಳಭಾಗದಲ್ಲಿ ಏಕೆ ಮಾಡಿರುತ್ತಾರೆಂದು ನಾವು ಕಾಲೇಜಿನಲ್ಲಿ ಓದುತ್ತೇವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಆ ಪದ್ಧತಿ ಮಗುವಿನ ಕೈಯೆತ್ತರವನ್ನು ಕೊಠಡಿಯ ಅಳತೆಯಾಗಿಸಿತು. ಅದೇ ಮಾತು ಪುಸ್ತಕದ ಬೀರಿಗೂ ಸಲ್ಲುತ್ತದೆ.

ನಾಲ್ಕನೆಯ ಅವಧಿ: “ನಮ್ಮನ್ನ ಆಚ್ಗಾಕ್ತೀರಾ?”

ಮೂರು ಗುಂಪುಗಳು ಒಂದೇ ಪರಿಹಾರ ಸೂಚಿಸಿದವು: ಪತ್ರಿಕೆಯ ಮೇಜನ್ನು ಹೊರಗಿನ ಜಗಲಿಗೆ ಹಾಕುವುದು, ಒಳಗಿನ ಕೋಣೆ ಮಕ್ಕಳಿಗೆ. ಹಾಳೆಯ ಮೇಲೆ ಬಹಳ ಚೆನ್ನಾಗಿ ಕಾಣುತ್ತಿತ್ತು. ನನಗೂ ಹಿಡಿಸಿತು. ಆದರೆ ಈ ಸಲ ಕೇಳದೆ ಮುಗಿಸಬಾರದೆಂದು ಸಂಜೆ ನಕ್ಷೆ ಹಿಡಿದು ಗ್ರಂಥಾಲಯಕ್ಕೇ ಹೋದೆವು. ದಿನವೂ ಬರುವ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ನೋಡಿ, “ಏನ್ರವ್ವಾ, ನಮ್ಮನ್ನ ಆಚ್ಗಾಕ್ತೀರಾ?” ಎಂದರು. ಕೋಪವಿರಲಿಲ್ಲ. ಆದರೂ ಮಕ್ಕಳ ಮುಖ ಬಾಡಿತು. ಒಬ್ಬರಿಗೆ ಜಾಗ ಮಾಡಲು ಇನ್ನೊಬ್ಬರನ್ನು ಎಬ್ಬಿಸಿದ್ದೆವು.

ಆಗ ನಾನು ಮಕ್ಕಳಿಗೆ ಹೇಳಿದ್ದು ಇಷ್ಟೇ: “ಅವರು ಬಾಗಿಲಲ್ಲೇ ಏಕೆ ಕೂರುತ್ತಾರೆಂದು ಕೇಳಿ.” ಕೇಳಿದರು. ಎರಡು ಕಾರಣ ಬಂದವು. ಒಳಗೆ ಅಕ್ಷರ ಕಾಣುವಷ್ಟು ಬೆಳಕಿಲ್ಲ. ಬಾಗಿಲಲ್ಲಿ ಕೂತರೆ ಬಸ್ಸು ಬರುವುದು, ಹೋಗುವವರು ಬರುವವರು ಕಾಣುತ್ತಾರೆ. ರಟ್ಟಿನ ಮೇಜನ್ನು ಹಿಡಿದಿದ್ದ ಹುಡುಗಿ ಅದನ್ನು ನಕ್ಷೆಯ ಬಲತುದಿಯ ಕಿಟಕಿಗೆ ಸರಿಸಿ, “ತಾತ, ಇಲ್ಲಾದ್ರೆ?” ಎಂದಳು. ಅಲ್ಲಿ ಬೆಳಕೂ ಇದೆ, ರಸ್ತೆಯೂ ಕಾಣುತ್ತದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಆ ಹಳೇ ಪೇಪರ್ ಕಟ್ಟು ಎತ್ತಾಕ್ಸಿದ್ರೆ ಆಯ್ತದೆ” ಎಂದರು.

ಹುಡುಗಿಯರನ್ನೂ ಕೇಳಿದೆವು. ಬಾಗಿಲು ತೆರವಾದರೂ ರಸ್ತೆಗೆ ಕಾಣುವಂತೆ ಕೂರಲು ಅವರಿಗೆ ಮನಸ್ಸಿರಲಿಲ್ಲ. ಕಣ್ಣಿಗೆ ಬೀಳದ ಮೂಲೆಯೂ ಬೇಡ, ಮೇಲ್ವಿಚಾರಕರಿಗೆ ಕಾಣುತ್ತಿರಬೇಕು ಎಂದರು. ಆದ್ದರಿಂದ ಮೇಲ್ವಿಚಾರಕರ ಮೇಜಿನ ಪಕ್ಕದ ಹಿಂಬದಿ ಮೂಲೆಯಲ್ಲಿ ಚಾಪೆ, ನಡುವೆ 90 ಸೆಂ.ಮೀ.ಗಿಂತ ಎತ್ತರವಿಲ್ಲದ ಪುಸ್ತಕದ ರ‍್ಯಾಕ್ ಎಂದು ಗುರುತು ಹಾಕಿದೆವು. ಹಿಂದಿನಿಂದ ಮರೆ, ಮೇಲಿನಿಂದ ನೋಟ.

ವಿಸ್ತರಣೆ: ಮೆಟ್ಟಿಲು ಹತ್ತಲಾರದವರು

ಗೀಟು ಹಾಕುವಾಗ ಸಾಲೇ ಇಲ್ಲದವರೂ ಇದ್ದರು. ಆ ಬೀದಿಯಲ್ಲಿ ಗಾಲಿಕುರ್ಚಿ ಬಳಸುವ ಒಬ್ಬರಿದ್ದಾರೆಂದು ಮಕ್ಕಳೇ ನೆನಪಿಸಿದರು. ರ‍್ಯಾಂಪ್‌ಗೆ 1:12ರ ಇಳಿಜಾರು ಬೇಕು ಎಂದು ಹೇಳಿ ಲೆಕ್ಕ ಕೊಟ್ಟೆ. ಜಗಲಿಯ ಎತ್ತರ 45 ಸೆಂ.ಮೀ. ಆದರೆ ರ‍್ಯಾಂಪ್‌ನ ಉದ್ದ 45 × 12 = 540 ಸೆಂ.ಮೀ. ಜಗಲಿಯಿಂದ ರಸ್ತೆಗೆ ಇದ್ದ ಜಾಗ ನಾಲ್ಕೇ ಮೀಟರ್. “ಆಗಲ್ಲ ಮಿಸ್” ಎಂದು ಕೈಬಿಟ್ಟರು. 18 ಸೆಂ.ಮೀ. ರಟ್ಟಿನ ಪಟ್ಟಿಯನ್ನು ಒಬ್ಬ ಹುಡುಗ ತಿರುಗಿಸಿ ಜಗಲಿಯ ಅಂಚಿಗೆ ಸಮಾನಾಂತರವಾಗಿ ಇಟ್ಟ. 7.2 ಮೀಟರ್ ಉದ್ದದೊಳಗೆ 5.4 ಮೀಟರ್ ಸಲೀಸಾಗಿ ಕೂತು, ಬಾಗಿಲ ಮುಂದೆ ಗಾಲಿಕುರ್ಚಿ ತಿರುಗಿಸಲು ಸಮತಟ್ಟು ಜಾಗವೂ ಉಳಿಯಿತು.

ಮೌಲ್ಯಮಾಪನ ಮತ್ತು ಫಲಿತ

ಅಂಕವನ್ನು ಎರಡು ಭಾಗ ಮಾಡಿದೆ: ಅರ್ಧ ಅಳತೆ ಮತ್ತು ಲೆಕ್ಕಕ್ಕೆ, ಅರ್ಧ ಕಾರಣಕ್ಕೆ. ಪ್ರತಿ ವಸ್ತುವಿನ ಪಕ್ಕದಲ್ಲಿ ‘ಇದು ಇಲ್ಲಿ ಏಕೆ? ಯಾರನ್ನು ಕೇಳಿದಿರಿ?’ ಎಂದು ಬರೆಯಬೇಕಿತ್ತು. ಲೆಕ್ಕದಲ್ಲಿ ಹಿಂದುಳಿದಿದ್ದ ಕೆಲವರು ಕಾರಣ ಬರೆಯುವುದರಲ್ಲಿ ಮುಂದಿದ್ದರು. ಕಾರಣ ಗೊತ್ತಿದ್ದುದರಿಂದ ಲೆಕ್ಕವನ್ನೂ ತಾವೇ ತಿದ್ದಿಕೊಂಡರು.

ಖರ್ಚಿಲ್ಲದ ಬದಲಾವಣೆಗಳನ್ನು ಮೇಲ್ವಿಚಾರಕರು ಒಂದು ಶನಿವಾರ ಮಕ್ಕಳೊಂದಿಗೆ ಸೇರಿ ಮಾಡಿಸಿದರು. ಹಳೆಯ ಕಟ್ಟು ಹೊರಬಿತ್ತು, ಮೇಜು ಕಿಟಕಿಗೆ ಹೋಯಿತು, ಬಣ್ಣದ ಪುಸ್ತಕಗಳು ಕೆಳಗಿನ ಸಾಲಿಗೆ ಬಂದವು. ಗಿಡ್ಡ ರ‍್ಯಾಕ್ ಇನ್ನೂ ಸಿಕ್ಕಿಲ್ಲ. ರ‍್ಯಾಂಪ್ ನಕ್ಷೆಯನ್ನು ಮಕ್ಕಳ ಮನವಿಯೊಂದಿಗೆ ಪಂಚಾಯಿತಿಗೆ ಕೊಟ್ಟಿದ್ದೇವೆ. ಅದು ನಾನು ಶಾಲೆ ಬಿಡುವಾಗಲೂ ಕಾಗದದ ಮೇಲೆಯೇ ಇತ್ತು. ಕೊನೆಯ ವಾರ ಮತ್ತೆ ಗೀಟು ಹಾಕಿಸಿದೆ. ಹುಡುಗಿಯರ ಸಾಲಿನಲ್ಲಿ ಮೊದಲ ದಿನವೇ ಎರಡು ಗೀಟು ಇದ್ದವು. ಹೆಂಗಸರ ಸಾಲು ಮೊದಲಿನಂತೆಯೇ ಇತ್ತು. ಸಂಜೆ ಅಡುಗೆಯ ಹೊತ್ತು, ಮೇಜು ಸರಿಸಿದರೆ ಸಾಲದು. ಹೊತ್ತನ್ನೂ ಸರಿಸಬೇಕೇನೋ ಎಂಬ ಪ್ರಶ್ನೆ ಮಕ್ಕಳಿಗೆ ಬಂದಿತ್ತು.

ಪ್ರಶಿಕ್ಷಣಾರ್ಥಿ ಮಿತ್ರರಿಗೆ

ಈ ಪಾಠಕ್ಕೆ ಅಳತೆ ಟೇಪು, ರಟ್ಟು, ಕತ್ತರಿ ಸಾಕು. ಗ್ರಂಥಾಲಯ ಇಲ್ಲದಿದ್ದರೆ ಅಂಗನವಾಡಿ, ಹಾಲಿನ ಡೇರಿ, ಶಾಲೆಯ ಬಿಸಿಯೂಟದ ಜಾಗ ಯಾವುದಾದರೂ ಆದೀತು. ನಾಲ್ಕು ಅವಧಿ ಬೇಕು. ಒಂದರಲ್ಲಿ ಮುಗಿಸಲು ಹೋದರೆ ನನ್ನ ಮೊದಲ ದಿನದ ಪಾಠದಂತಾಗುತ್ತದೆ. ಕೋಣೆಗೆ ಬರುವವರನ್ನು ಎಣಿಸುವುದು ಸುಲಭ. ಬಾರದವರಿಗೂ ಪಟ್ಟಿಯಲ್ಲಿ ಒಂದು ಸಾಲು ಬಿಡಿ, ಅದು ಖಾಲಿ ಉಳಿದರೆ ಅಲ್ಲಿಂದಲೇ ಪಾಠ ಆರಂಭಿಸಿ. ಪರಿಹಾರ ಹೊಳೆದ ಕೂಡಲೇ ಅದರಿಂದ ಯಾರು ಏಳಬೇಕಾಗುತ್ತದೆಂದು ಕೇಳಿ. ನಿಮ್ಮ ಉತ್ತರವನ್ನು ಮಕ್ಕಳಿಗಿಂತ ಮೊದಲು ಹೇಳಬೇಡಿ. ನಾನು ಜಗಲಿಯ ಉತ್ತರವನ್ನು ಮೆಚ್ಚಿದ್ದೆ, ಅದು ತಪ್ಪಾಗಿತ್ತು.

ಮೊನ್ನೆ ಊರಿಗೆ ಹೋದಾಗ ಮಕ್ಕಳ ನಕ್ಷೆಯ ಒಂದು ಪ್ರತಿಯನ್ನು ಅಜ್ಜಿಗೆ ತೋರಿಸಿದೆ. ಅವರು ಬೆರಳಿಟ್ಟು ಬಾಗಿಲಿಂದ ಚಾಪೆಯವರೆಗೆ ದಾರಿ ಹಿಡಿದು ನೋಡಿದರು. ಆಮೇಲೆ, “ಇಲ್ಲಿ ನನ್ನಂಥೋಳೂ ಹೋಗಿ ಕೂರಬೋದು” ಎಂದರು.