ಕುದುರೆಗೆ ಮೊದಲು ಸಣ್ಣ ಹಾಸು ಕೊಡು

ಪುಟ್ಟೀ,

ನಿನ್ನ ಪ್ರಾಜೆಕ್ಟಿನ ವಿಷಯ ನಿಮ್ಮಪ್ಪ ಹೇಳಿದ. ಚೆಸ್ಸು ಮತ್ತು ಗಣಿತ ಎಂದಾಗ ಹಿಗ್ಗಿದೆ. ಥರ್ಮಾಕೋಲಿನ ಬೋರ್ಡು, ಮನೆಮನೆಗೂ ಅಂಟಿಸಿದ ಅಕ್ಕಿಕಾಳು, ಪಕ್ಕದಲ್ಲಿ ರಾಜನೂ ಪಂಡಿತನೂ ಇರುವ ಪ್ರಿಂಟ್‌ಔಟು ಎಂದು ಮುಂದುವರಿಸಿದಾಗ ಸಿಟ್ಟು ಬಂತು. ಅದಕ್ಕೇ ಈ ಕಾಗದ. ನಿನ್ನ ಓರಗೆಯ ಮಕ್ಕಳೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಕಾಳಿನ ಲೆಕ್ಕ ಕೆಟ್ಟದ್ದಲ್ಲ. ಒಂದು, ಎರಡು, ನಾಲ್ಕು ಎಂದು ದುಪ್ಪಟ್ಟಾಗುತ್ತ 64 ಮನೆ ಮುಗಿಯುವಾಗ ಒಟ್ಟು 1,84,46,74,40,73,70,95,51,615 ಕಾಳು. ಆದರೆ ನಾನು ಮೇಷ್ಟ್ರಾಗಿದ್ದಾಗ ತೀರ್ಪುಗಾರನಾಗಿ ಹೋದ ವಿಜ್ಞಾನ ಮೇಳಗಳಲ್ಲೆಲ್ಲ ಈ ಕಾಳುಗಳನ್ನು ಕಂಡಿದ್ದೇನೆ. "ಕೊನೆಯ ಮನೆಯ ಕಾಳು ಹಿಂದಿನ 63 ಮನೆಗಳ ಒಟ್ಟು ಮೊತ್ತಕ್ಕಿಂತ ಒಂದೇ ಒಂದು ಹೆಚ್ಚು. ಯಾಕಮ್ಮ?" ಎಂದು ಕೇಳಿದರೆ ಮಕ್ಕಳು ಚಾರ್ಟಿನ ಕಡೆ ತಿರುಗಿ ನೋಡುತ್ತಿದ್ದರು. ಒಂದನ್ನೊಂದು ಹೊಡೆಯದ ಹಾಗೆ ಎಂಟು ಮಂತ್ರಿಗಳನ್ನು ಕೂರಿಸುವ ಸಮಸ್ಯೆಯನ್ನೂ ನೀನು ತೆಗೆದುಕೊಳ್ಳಬಹುದು. ಅದಕ್ಕೆ 92 ಉತ್ತರ. ಹಾಸನ್ನು ತಿರುಗಿಸಿದರೆ, ಕನ್ನಡಿಯಲ್ಲಿ ನೋಡಿದರೆ ಒಂದೇ ಆಗುವಂಥವನ್ನು ಸೇರಿಸಿಬಿಟ್ಟರೆ 12 ಮಾತ್ರ. ಆಯ್ಕೆ ನಿನ್ನದು. ನನ್ನ ಮನಸ್ಸಿನಲ್ಲಿರುವುದು ಮಾತ್ರ ಕುದುರೆ.

ನಮ್ಮ ತಾತ, ಅಂದರೆ ನಿನ್ನ ಮುತ್ತಾತ, ಬಟ್ಟೆಯ ಮೇಲೆ ಹೊಲಿದ ಒಂದು ಚದುರಂಗದ ಹಾಸು ಇಟ್ಟುಕೊಂಡಿದ್ದರು. ಅದರಲ್ಲಿ ಕಪ್ಪು ಬಿಳುಪು ಇರಲಿಲ್ಲ. ನಮ್ಮ ಕಡೆಯ ಹಳೆಯ ಹಾಸುಗಳು ಹಾಗೇ, ಬರೀ ಗೆರೆ. ಊಟವಾದ ಮೇಲೆ ಜಗಲಿಯಲ್ಲಿ ಅದನ್ನು ಹರಡಿ "ಯಾವ ಮನೆಯಿಂದ ಹೊರಡಲಿ?" ಎಂದು ಕೇಳುವರು. ನಾನು ಬೆರಳಿಟ್ಟ ಮನೆಯಿಂದ ಕುದುರೆಯನ್ನು ಹಾರಿಸುತ್ತ, ಮುಟ್ಟಿದ ಮನೆಗೊಂದು ಹುಣಸೆಬೀಜ ಇಡುತ್ತ ಹೋಗುವರು. ಯಾವ ಮನೆಯನ್ನೂ ಎರಡು ಸಲ ಮುಟ್ಟದೆ ಅರವತ್ತನಾಲ್ಕೂ ತುಂಬುತ್ತಿತ್ತು. ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಮಾತು ಬರುತ್ತಿತ್ತು. ದೊರೆಗಳು (1794–1868) ಈ ಕುದುರೆ ನಡೆಯನ್ನು ಎಷ್ಟು ದೂರ ಒಯ್ದರೆಂದರೆ, ನಡೆದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಬರೆದರೆ ಯಾವ ಸಾಲನ್ನು ಅಡ್ಡ ಕೂಡಿದರೂ, ಉದ್ದ ಕೂಡಿದರೂ 260 ಬರುತ್ತದೆ. ಎರಡು ಕರ್ಣಗಳೂ 260 ಆಗುವಂತೆ ಮಾಡಲು ಸಾಧ್ಯವೇ ಎಂಬುದು ಬಹುಕಾಲ ಯಾರಿಗೂ ಗೊತ್ತಿರಲಿಲ್ಲ. ಸಾಧ್ಯವಿಲ್ಲ ಎಂದು ಕಂಪ್ಯೂಟರಿನ ಹುಡುಕಾಟದಿಂದ ತೀರ್ಮಾನವಾದದ್ದು 2003ರಲ್ಲಿ. ಯುರೋಪಿನಲ್ಲಿ ಗಣಿತಜ್ಞ ಆಯ್ಲರ್ 1759ರಲ್ಲಿ ಈ ಕುದುರೆ ನಡೆಯನ್ನು ಕೈಗೆತ್ತಿಕೊಂಡ. ಅದಕ್ಕೂ ಬಹಳ ಮೊದಲೇ, ಒಂಬತ್ತನೇ ಶತಮಾನದಲ್ಲಿ, ಕಾಶ್ಮೀರದ ರುದ್ರಟ ಅಕ್ಷರಗಳನ್ನು ಕುದುರೆ ನಡೆಯಲ್ಲಿ ಓದುವ ಶ್ಲೋಕ ಕಟ್ಟಿದ್ದ.

ತಾತನ ದಾರಿಯನ್ನು ಬಾಯಿಪಾಠ ಮಾಡಿ ನಾನೂ ಬೀಗುತ್ತಿದ್ದೆ. ಒಂದು ದಿನ ಅವರು ನೆಲದ ಮೇಲೆ ಬಳಪದಿಂದ ಐದೈದರ ಹಾಸು ಬರೆದರು, ಇಪ್ಪತ್ತೈದೇ ಮನೆ. ಮೂಲೆಯ ಪಕ್ಕದ ಮನೆ ತೋರಿಸಿ "ಇಲ್ಲಿಂದ ಹೊರಡು" ಎಂದರು. ರಜೆಯೆಲ್ಲ ಅದರ ಮೇಲೇ ಬಗ್ಗಿದ್ದೆ. ಒಂದಾದರೂ ಮನೆ ಉಳಿಯುತ್ತಿತ್ತು. "ಆಗಲ್ಲ ತಾತ" ಎಂದರೆ, "ನಿನಗೆ ಆಗಲ್ಲವೋ, ಯಾರಿಗೂ ಆಗಲ್ಲವೋ?" ಎಂದು ಕೇಳಿ ಎದ್ದುಹೋದರು.

ಉತ್ತರ ಹೊಳೆದದ್ದು ಹೈಸ್ಕೂಲಿನಲ್ಲಿ, ಕಪ್ಪು ಬಿಳಿ ಮನೆಗಳ ಬೋರ್ಡು ಮೊದಲ ಸಲ ಕಂಡಾಗ. ಕುದುರೆ ಪ್ರತಿ ನೆಗೆತಕ್ಕೂ ಬಣ್ಣ ಬದಲಿಸುತ್ತದೆ! ಇಪ್ಪತ್ತೈದರಲ್ಲಿ ಮೂಲೆಯ ಬಣ್ಣದ್ದು 13 ಮನೆ, ಇನ್ನೊಂದು 12. ಹನ್ನೆರಡರ ಬಣ್ಣದಿಂದ ಹೊರಟವನಿಗೆ ಕೊನೆ ಮುಟ್ಟಲು ಆ ಬಣ್ಣದ ಹದಿಮೂರು ಮನೆ ಬೇಕು. ಹದಿಮೂರನೆಯದು ಎಲ್ಲಿಂದ ಬರಬೇಕು? ಗೆರೆ ಮಾತ್ರ ಇದ್ದ ಬಟ್ಟೆಯಲ್ಲಿ ಕಾಣದಿದ್ದ ಕಾರಣ ಬಣ್ಣ ಬಿದ್ದೊಡನೆ ಎದ್ದು ನಿಂತಿತು. ಎಷ್ಟೇ ಜಾಣನಾದರೂ ಇದು ಆಗುವುದಿಲ್ಲ ಎಂದು ಖಚಿತವಾಗಿ ಹೇಳುವ ಶಕ್ತಿ ಒಂದು ಇದೆ, ಅದು ನನ್ನ ಕೈಗೂ ಬಂತು ಎಂದು ಅವತ್ತು ಅನ್ನಿಸಿತು. ನಾನು ಗಣಿತದ ಮೇಷ್ಟ್ರಾದದ್ದು ಅದರಿಂದಲೇ.

ಈಗ ಹೇಳು, ಅಂಥದ್ದು ಅಂಗಡಿಯಲ್ಲಿ ಸಿಗುವ ಥರ್ಮಾಕೋಲಿನಲ್ಲಿ ಇದೆಯೇ? ಒಂಬತ್ತನೇ ಕ್ಲಾಸಿನ ಹುಡುಗಿ, ರಾಜ್ಯದ ಆಚೆಗೂ ಹೋಗಿ ಟೂರ್ನಮೆಂಟ್ ಆಡಿದವಳು, ಬೇರೆಯವರು ಬರೆದದ್ದನ್ನು ಪ್ರಿಂಟ್ ಹೊಡೆಸಿ ಅಂಟಿಸುವುದೆಂದರೆ ಏನರ್ಥ? ಮಾರ್ಕ್ಸ್ ಬರಬಹುದು. ಬಂದು ಏನಾಗಬೇಕು?

ಗದರಿದೆ ಅನ್ನಿಸಿತೇನೋ. ಬೇಜಾರು ಮಾಡಿಕೊಳ್ಳಬೇಡ ಕಂದ. ಟ್ಯೂಷನ್ನು, ಪರೀಕ್ಷೆ, ಪಂದ್ಯ ಎಂದು ನಿನ್ನ ದಿನ ಹೇಗೆ ಹರಿದುಹೋಗುತ್ತದೆ ಎಂದು ನನಗೆ ಗೊತ್ತು. ಆದರೆ ಈ ಕುದುರೆಯ ಪ್ರಾಜೆಕ್ಟಿಗೆ ಬೇಕಾದದ್ದು ಚೌಕುಳಿ ಪುಸ್ತಕ, ಪೆನ್ಸಿಲು, ರಬ್ಬರು. ಮೂರು ಮೂರರ ಹಾಸಿನಿಂದ ಶುರುಮಾಡು. ನಡುಮನೆಗೆ ಕುದುರೆ ಕಾಲಿಡಲಾರದು ಎಂದು ಕೂಡಲೇ ಕಾಣುತ್ತದೆ. ಸೋತ ದಾರಿಗಳನ್ನು ಅಳಿಸಬೇಡ, ಅವೂ ಪ್ರಾಜೆಕ್ಟಿನಲ್ಲಿ ಇರಲಿ. ಎಂಟೆಂಟಕ್ಕೆ ಬಂದಾಗ 1823ರ ವಾರ್ನ್ಸ್‌ಡಾರ್ಫ್ ಸೂತ್ರ ಹಿಡಿ: ಮುಂದೆ ಹೋಗಲು ದಾರಿ ಅತಿ ಕಡಿಮೆ ಇರುವ ಮನೆಗೇ ಮೊದಲು ಹಾರು. ಅದು ಯಾಕೆ ಹೆಚ್ಚಾಗಿ ಕೆಲಸ ಮಾಡುತ್ತದೆ ಎಂದು ನಿನ್ನ ಮಾತಿನಲ್ಲೇ ಬರೆ. ರಜೆಗೆ ಮೈಸೂರಿಗೆ ಬಂದರೆ ಜಗನ್ಮೋಹನ ಅರಮನೆಗೆ ಹೋಗೋಣ, ದೊರೆಗಳ ಆಟಗಳನ್ನು ತೋರಿಸುತ್ತೇನೆ.

ಒಂದು ಪ್ರಶ್ನೆ ಮಾತ್ರ ನಿನಗೇ ಬಿಟ್ಟಿದ್ದೇನೆ. ಮೂರು ನಾಲ್ಕರ ಹಾಸಿನ ಹನ್ನೆರಡು ಮನೆಗಳನ್ನೂ ಕುದುರೆ ಸುತ್ತಬಲ್ಲದು. ನಾಲ್ಕು ನಾಲ್ಕರ ಹದಿನಾರನ್ನು ಸುತ್ತಲಾರದು. ಬಣ್ಣ ಇಲ್ಲಿ ಎಂಟು ಎಂಟು ಸಮವಾಗಿಯೇ ಇದೆ, ಹಾಗಾಗಿ ನನ್ನ ಹಳೆಯ ಉತ್ತರ ನಡೆಯುವುದಿಲ್ಲ. ಎದುರುಬದುರು ಮೂಲೆಗಳಿಂದ ಕುದುರೆ ಯಾವ ಯಾವ ಮನೆಗೆ ಹೋಗಬಲ್ಲದು ಎಂದು ನೋಡು, ಆಮೇಲೆ ಫೋನ್ ಮಾಡು.

ನಿನ್ನ
ದೊಡ್ಡಪ್ಪ