ಟಿಕೀಟ ತಗಸೂ ಮುಂದ

ತಮ್ಮಾ, ಕೇಂದ್ರ ಸರಕಾರದ ನೌಕರಿ ಹಿಡದು ದಿಲ್ಲಿಗೆ ಹೊಂಟಿ. ಕೊಕಟನೂರಿಗೆಲ್ಲಾ ಖುಷಿ ಆಗೇತಿ. ನೀ ಶ್ಯಾಣ್ಯಾ ಅದಿ, ಆದ್ರ ಭಾಳ ಅವಸರದಾಂವ. ಯಲ್ಲವ್ವನ ಜಾತ್ರ್ಯಾಗ ಗೆಳೆಯಾರ ಮುಂದ "ಇನ್ನ ನಂದೆಲ್ಲಾ ವಿಮಾನದಾಗ" ಅಂತ ಎದಿ ಉಬ್ಬಿಸಿದ್ದು ನನ್ನ ಕಿವಿಗೂ ಬಿದ್ದೈತಿ.

ಅಡ್ಡಾಡು, ಬ್ಯಾಡ ಅನ್ನೂದಿಲ್ಲ. ಆದ್ರ ಕಾಯ್ದೆ ಮೊದಲ ಓದಕೊ. 2017ರ ಆದೇಶದಂಗ ವೇತನದ 6ರಿಂದ 11ನೇ ಹಂತದವರಿಗೆ ವಿಮಾನದಾಗ ಎಕಾನಮಿ, ರೈಲಿನ್ಯಾಗ ಸೆಕೆಂಡ್ ಎಸಿ. ಬಿಸಿನೆಸ್ ಕ್ಲಾಸ್ ಬೇಕಂದ್ರ 14ನೇ ಹಂತ ಮುಟ್ಟಬೇಕು. 2022ರ ಜೂನ್‌ದಾಗ ಹಣಕಾಸು ಖಾತೆ ಇನ್ನಷ್ಟು ಬಿಗಿ ಮಾಡ್ತು: 21 ದಿನ ಮೊದಲ ತಗಸ್ರಿ, ನಿಮ್ಮ ದರ್ಜೆಯೊಳಗ ಅಗ್ಗದ್ದು ನೋಡ್ರಿ, ಹೊರಡಾಕ 72 ತಾಸಿನೊಳಗ ತಗಸಿದ್ರ, ಇಲ್ಲಾ 24 ತಾಸಿನೊಳಗ ರದ್ದು ಮಾಡಿದ್ರ ಕಾರಣ ಬರದು ಕೊಡ್ರಿ ಅಂತ.

ಈ ಕಡೀದು ನಿನ್ನ ನೋಡೇ ಬರದಂಗ ಐತಿ! ಪರೀಕ್ಷಾದ ಹಾಲ್ ಟಿಕೀಟ ಹಿಂದಿನ ರಾತ್ರಿ ಹುಡಿಕ್ಯಾಡಿದಾಂವ ನೀ. ಮನ್ಯಾಗ ಅದು ನಡೀತು. ಕಚೇರಿಯೊಳಗ ನಿನ್ನ ಆಲಸ್ಯಾದ ದಂಡ ಮಂದಿ ತುಂಬತಾರ. ಅಥಣಿ ಬಸ್ಸಿನ್ಯಾಗ ಜೋತು ಬಿದ್ದು ಸಂತಿಗೆ ಹೋಗಾಕಿ ಸಾಬಾಣ, ಚಪ್ಪಲಿ ತಗೊಂಡಾಗ ಕೊಟ್ಟ ತೆರಿಗಿ ಅದು.

ದೊಡ್ಡವರದೂ ನೋಡು. 2009 ಬರದ ವರ್ಷ. ವಿದೇಶಾಂಗ ಮಂತ್ರಿ ಆಗಿದ್ದ ನಮ್ಮ ಎಸ್.ಎಂ. ಕೃಷ್ಣ ದಿಲ್ಲಿಯೊಳಗ ಪಂಚತಾರಾ ಹೋಟೆಲಿನ್ಯಾಗ ಇದ್ರು. ಸ್ವಂತ ರೊಕ್ಕ ಅಂದ್ರು. ಆದ್ರೂ ಹಣಕಾಸು ಮಂತ್ರಿ ಪ್ರಣಬ್ ಮುಖರ್ಜಿ ಹೇಳಿದ ಮ್ಯಾಲ ಖಾಲಿ ಮಾಡಿದ್ರು. 2023ರ ಡಿಸೆಂಬರ್‌ದಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಬರ ಪರಿಹಾರ ಕೇಳಾಕ ದಿಲ್ಲಿಗೆ ಹೋಗಿದ್ರು. ನಾಡಿನ್ಯಾಗ 223 ತಾಲೂಕು ಬರ. ಐಷಾರಾಮಿ ಜೆಟ್ಟಿನ್ಯಾಗ ಹೊಳ್ಳಿ ಬರೂ ವಿಡಿಯೋ ಸಂಗಾಟ ಇದ್ದ ಮಂತ್ರಿ ಜಮೀರ್ ಅಹಮದ್ ಅವರ ಹಂಚಿಕೊಂಡ್ರು. ಗದ್ದಲ ಎದ್ದಾಗ "ಮೋದಿ ಹೆಂಗ ಅಡ್ಡಾಡತಾರ ಕೇಳ್ರಿ" ಅಂದ್ರು ಮುಖ್ಯಮಂತ್ರಿ. ಕೇಳಬೇಕಾದ ಪ್ರಶ್ನೆನ ಅದು. ಆದ್ರ ಮತ್ತೊಬ್ಬರ ಖರ್ಚು ತೋರಿಸಿದ್ರ ನಮ್ಮ ಖರ್ಚು ಕಡಿಮಿ ಆಗೂದಿಲ್ಲ ನೋಡು.

ನಿನಗೂ ಕಚೇರ್ಯಾಗ ಹೇಳಾವರು ಸಿಗತಾರ: "ಹಕ್ಕೈತಿ, ಬಿಡಬ್ಯಾಡ." ಪಂಕ್ತ್ಯಾಗ ಬಡಸಾವ ಎಷ್ಟು ಬೇಕಾದ್ರೂ ಹಾಕತಾನ, ಹಸಿವಿದ್ದಷ್ಟ ಹಾಕಿಸಿಕೊಳ್ಳೂದು ಉಣ್ಣಾವನ ಶ್ಯಾಣ್ಯಾತನ. ಹಂಗಂತ ಜಿಪುಣನೂ ಆಗಬ್ಯಾಡ. ಜ್ವರದಾಗ ರಾತ್ರಿಯಿಡೀ ಕುಂತು ಹೋಗಿ, ಮುಂಜಾನೆ ಸಭಾದಾಗ ತೂಕಡಿಸಿದ್ರ ಅದೂ ನಷ್ಟನ.

ಬಿಲ್ಲು ಹಚ್ಚೂ ದಿನ ಬೋರ್ಡಿಂಗ್ ಪಾಸ್ ಜೋಪಾನ ಇಟಗೊಂಡಿರು. ಹೋಗದ ಊರಿನ ಭತ್ಯೆ ಬರೀಬ್ಯಾಡ, ಆಟೋದ ನೂರು ಇನ್ನೂರು ಮಾಡಬ್ಯಾಡ. ಸರಕಾರಿ ಪ್ರವಾಸಕ್ಕ ವಿಮಾನ ಕಂಪನಿ ಕೊಡೂ ಮೈಲೇಜ್ ಪಾಯಿಂಟ್ ಸುದ್ದಾ ಸರಕಾರದ್ದ, ಅದರ ಮ್ಯಾಲ ಮನಿ ಮಂದೀನ ತಿರುಗಾಡಸಬ್ಯಾಡ. ರಜಾ ಸಿಕ್ಕಾಗ ನಿನ್ನ ಪಗಾರದಾಗ ಟಿಕೀಟ ತಗಸಿ ಗೋವಾ ಎಕ್ಸ್‌ಪ್ರೆಸ್ ಹತ್ತು. ಮಿರಜದಾಗ ಇಳದು ಬಸ್ ಹಿಡದು ಬಾ, ನಿಮ್ಮವ್ವ ಬಿಸಿ ರೊಟ್ಟಿ ಬಡದು ಕೊಡತಾಳ.