ಬೇಡ ಮತ್ತು ಬಾರದು



ಮಕ್ಕಳನ್ನು ತಡೆಯಲು ಕನ್ನಡದ ಮನೆಗಳಲ್ಲಿ ಎರಡು ಪದಗಳಿವೆ: ಬೇಡ, ಬಾರದು. ‘ಓಡಬೇಡ’ ಎಂಬುದು ಅಮ್ಮ ಒಂದು ಮಗುವಿಗೆ, ಒಂದು ಗಳಿಗೆಗೆ ಹೇಳಿದ ಮಾತು. ಮಗು ನಿಂತರೆ ಮಾತಿನ ಕೆಲಸ ಮುಗಿಯಿತು. ‘ಹೊಸಿಲ ಮೇಲೆ ಕೂರಬಾರದು’ ಎಂಬುದರಲ್ಲಿ ಹೇಳಿದವರೂ ಇಲ್ಲ, ಕೇಳಿಸಿಕೊಂಡವರೂ ಇಲ್ಲ. ಯಾರು, ಎಲ್ಲಿಯವರೆಗೆ, ಏಕೆ ಎಂಬುದೊಂದೂ ಅದರಲ್ಲಿಲ್ಲ. ಹಾಗಾಗಿ ಬೇಡ ಎಂದದ್ದು ಬಾಲ್ಯದಲ್ಲೇ ಉಳಿದುಬಿಡುತ್ತದೆ. ಬಾರದು ಎಂದದ್ದು ನಲವತ್ತು ದಾಟಿದರೂ, ಹೊಸಿಲೇ ಇಲ್ಲದ ಫ್ಲ್ಯಾಟಿಗೆ ಬಂದರೂ ಬೆನ್ನು ಬಿಡುವುದಿಲ್ಲ. ಕಾರಣ ಕೇಳಿದ ಮಗುವಿಗೆ ನರಸಿಂಹ ಹಿರಣ್ಯಕಶಿಪುವನ್ನು ಹೊಸಿಲ ಮೇಲೆ ಕೊಂದ ಕಥೆ ಸಿಗುತ್ತದೆ. ಓಡಾಡುವ ದಾರಿಗೆ ಅಡ್ಡವಾಗುತ್ತದೆ ಎನ್ನುವುದಕ್ಕಿಂತ ಕಥೆ ಬೇಗ ನಾಟುತ್ತದೆ.

ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದು, ಲಕ್ಷ್ಮಿ ಹೊರಟುಹೋಗುತ್ತಾಳೆ ಎಂಬ ಮಾತು ಹುಟ್ಟಿದ್ದು ಸೀಮೆಎಣ್ಣೆ ಬುಡ್ಡಿಗೂ ಹಿಂದಿನ ಕತ್ತಲೆಯಲ್ಲಿರಬೇಕು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳು ಅದನ್ನು ಕಂಡದ್ದು 1905ರಲ್ಲಿ. ಹಳ್ಳಿಯ ಅಡುಗೆಮನೆಗಳು ಅದಾಗಿ ಇನ್ನೂ ಹಲವು ದಶಕ ಬುಡ್ಡಿಯ ಬೆಳಕಿನಲ್ಲೇ ಇದ್ದವು. ಆ ಮಂಕು ಬೆಳಕಿನಲ್ಲಿ ಗುಡಿಸಿದ ಕಸದೊಂದಿಗೆ ಮೂಗುಬೊಟ್ಟೋ ಓಲೆಯ ತಿರುಪೋ ತಿಪ್ಪೆ ಸೇರುವುದು ದೊಡ್ಡ ಮಾತಲ್ಲ. ಅಲ್ಲಿ ಲಕ್ಷ್ಮಿ ಎಂದರೆ ಎಣಿಸಿ ತೂಗಬಹುದಾದ ಚಿನ್ನ. ಟ್ಯೂಬ್‌ಲೈಟಿನ ಕೆಳಗೆ ರಾತ್ರಿ ಹತ್ತಕ್ಕೆ ಗುಡಿಸುವವರು ಈ ಮಾತಿಗೆ ಹೆದರಬೇಕಾದ್ದಿಲ್ಲ. ಹಾಗೆ ಗುಡಿಸುವಾಗಲೂ ಕೈ ಒಂದು ಕ್ಷಣ ತಡೆದರೆ ಅದೂ ಸಹಜವೇ.

ಅನ್ನ ಚೆಲ್ಲಬಾರದು ಎಂಬುದರ ಬೇರು ಇನ್ನೂ ಆಳದ್ದು. 1876ರಿಂದ 78ರವರೆಗಿನ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನ ಜನರನ್ನು ಕಳೆದುಕೊಂಡ ಲೆಕ್ಕ ಜನಗಣತಿಯಲ್ಲೇ ಇದೆ: 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕೂ ತುಸು ಕೆಳಗಿಳಿದಿತ್ತು. ಆ ಬರ ಕಂಡವರ ಮೊಮ್ಮಕ್ಕಳು ಮುಂದೆ ತಾವೇ ರೇಷನ್ ಸಾಲಿನಲ್ಲಿ ನಿಂತರು. 1965ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಕೇಳಿಕೊಂಡಾಗ ಎಷ್ಟೋ ಮನೆಗಳು ಒಲೆ ಹಚ್ಚಲಿಲ್ಲ. ತಟ್ಟೆಯ ಅಂಚಿನ ಅಗುಳನ್ನು ಬೆರಳಿನಿಂದ ಒತ್ತಿ ತೆಗೆದುಕೊಳ್ಳುವ ತಂದೆಯನ್ನು ನೋಡಿ ಮಕ್ಕಳು ನಗುವುದುಂಟು. ಅದು ಜಿಪುಣತನವಲ್ಲ, ಇಂಥ ಹಸಿವುಗಳ ನೆನಪು. ಆದರೆ ಅದೇ ಮಾತಿಗೆ ಕಟ್ಟುಬಿದ್ದು ಹೊಟ್ಟೆ ತುಂಬಿದ ಮೇಲೂ ತಟ್ಟೆ ಖಾಲಿ ಮಾಡುವ ಸಕ್ಕರೆ ಕಾಯಿಲೆಯವರಿದ್ದಾರೆ. ಅಂಥವರು ಉಣ್ಣುವಾಗಲ್ಲ, ಬಡಿಸಿಕೊಳ್ಳುವಾಗಲೇ ಆ ಮಾತನ್ನು ನೆನೆಯುವುದು ಲೇಸು.

ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರೆ. ಒಂದೇ ಮನೆಯಲ್ಲಿ ಒಂದೇ ಬಾಯಿ ‘ತಾಳಿದವನು ಬಾಳಿಯಾನು’ ಎಂದೂ ‘ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು’ ಎಂದೂ ಹೇಳುತ್ತದೆ. ಎರಡೂ ಒಟ್ಟಿಗೆ ನಿಜವಾಗುವುದು ಕಷ್ಟ. ಜಗಳ ಬಿಡಿಸುವ ದಿನ ಒಂದು ಹೊರಬರುತ್ತದೆ, ಪೆಟ್ಟು ತಿಂದು ಬಂದ ದಿನ ಇನ್ನೊಂದು. ಮಗ ಅಥವಾ ಮಗಳು ದೊಡ್ಡವರಾಗುವ ಹೊತ್ತಿಗೆ ಆ ದಿನ ಮರೆತುಹೋಗಿ ಮಾತಷ್ಟೇ ಉಳಿದಿರುತ್ತದೆ. ಮೇಲಧಿಕಾರಿಯ ಮುಂದೆ ವರ್ಷಗಟ್ಟಲೆ ತಾಳುತ್ತಾ ಕೂರುವವರು ಎಷ್ಟೋ ಸಲ ಮೊದಲನೆಯ ಗಾದೆಯನ್ನು ಎರಡನೆಯದರ ದಿನದಲ್ಲಿ ಬಳಸುತ್ತಿರುತ್ತಾರೆ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದಕ್ಕೆ ಮಾತ್ರ ವಯಸ್ಸಾಗಿಲ್ಲ, ಅಳತೆಕೋಲು ಬದಲಾಗಿದೆ ಅಷ್ಟೆ. ಶೆಟ್ಟರ ಅಂಗಡಿಯ ಲೆಕ್ಕದ ಪುಸ್ತಕಕ್ಕೆ ಅಂಜುತ್ತಿದ್ದ ತಂದೆಗೆ ಅದರ ಅರ್ಥ ಸಾಲವೇ ಬೇಡ ಎಂದು. ಸಾಲವಿಲ್ಲದೆ ನಗರದಲ್ಲಿ ಮನೆ ಕೊಳ್ಳುವುದು ಸಂಬಳದವರಿಗೆ ಹೆಚ್ಚುಕಡಿಮೆ ಅಸಾಧ್ಯವಾಗಿರುವಾಗ ಆ ಅರ್ಥ ಹೊಂದುವುದಿಲ್ಲ. 50 ಲಕ್ಷ ರೂಪಾಯಿಯನ್ನು ಶೇ. 8.5ರ ಬಡ್ಡಿಗೆ 20 ವರ್ಷಕ್ಕೆ ತೆಗೆದುಕೊಂಡರೆ ತಿಂಗಳ ಕಂತು ಸುಮಾರು 43,400 ರೂಪಾಯಿ. ಕೊನೆಯ ಕಂತಿನ ಹೊತ್ತಿಗೆ ಬಡ್ಡಿಯೊಂದೇ 54 ಲಕ್ಷ ದಾಟಿರುತ್ತದೆ. ಇಲ್ಲಿ ಹಾಸಿಗೆಯೆಂದರೆ ಈ ತಿಂಗಳ ಸಂಬಳವಲ್ಲ, 240 ತಿಂಗಳು ಸಂಬಳ ಬರುತ್ತದೆಂಬ ನಂಬಿಕೆ. ಗಾದೆ ಹೇಳಿಕೊಟ್ಟ ಹೆದರಿಕೆಯನ್ನು ಈ ಲೆಕ್ಕಕ್ಕೆ ಬಳಸಿದವರು ಕಾಲನ್ನು ಎಲ್ಲಿ ಮಡಿಸಬೇಕೆಂದು ತಾವೇ ಕಂಡುಕೊಳ್ಳುತ್ತಾರೆ.

ಕೆಲವು ಮಾತುಗಳ ಹಿಂದೆ ಮಂಕು ದೀಪವೂ ಇಲ್ಲ, ಬರವೂ ಇಲ್ಲ. ‘ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು’ ಎಂಬುದು ಅಂಥದ್ದು. ‘ನಾಲ್ಕು ಜನ ಏನಂದಾರು’ ಎಂಬುದೂ ಅದೇ ಜಾತಿ. ಆ ನಾಲ್ವರ ಹೆಸರು ಯಾವ ಮನೆಯಲ್ಲೂ ಗೊತ್ತಿಲ್ಲ. ಇವನ್ನು ಮುಂದಿನವರಿಗೆ ದಾಟಿಸುವ ಅಗತ್ಯವಿಲ್ಲ. (ದಾಟಿಸಬಾರದು ಎಂದು ಬರೆಯಹೊರಟ ಪೆನ್ನನ್ನು ಹಿಡಿದು ನಿಲ್ಲಿಸಬೇಕಾಯಿತು.)

ಯಾವ ಮಾತು ಯಾವ ಬಗೆಯದು ಎಂದು ತಿಳಿಯಲು ಅದನ್ನು ಹೇಳಿದವರನ್ನೇ ಕೇಳುವುದು ಸುಲಭ ದಾರಿ. ‘ಯಾಕೆ’ ಎಂದು ಕೇಳಿದರೆ ಹಿರಿಯರಿಗೆ ಎದುರು ಮಾತಿನಂತೆ ಕೇಳಿಸುತ್ತದೆ. ‘ಇದನ್ನು ನಿನಗೆ ಯಾರು ಹೇಳಿದ್ದು’ ಎಂದರೆ ಅಮ್ಮಂದಿರು ಕೈಯಲ್ಲಿದ್ದ ಸೊಪ್ಪನ್ನು ಬದಿಗಿಟ್ಟು ಕೂರುತ್ತಾರೆ. ಅಜ್ಜಿ, ಅಜ್ಜಿಯ ಅತ್ತೆ, ಕಳೆದುಹೋದ ಮೂಗುಬೊಟ್ಟು, ಅದನ್ನು ಹುಡುಕಲು ತಿಪ್ಪೆ ಕೆದಕಿದ ಬೆಳಗು ಎಲ್ಲವೂ ಒಂದೊಂದಾಗಿ ಬರುತ್ತವೆ.